ಬೋರಮ್ಮನ ಕೈಗೆ ಬಂದ ಆಮೆಮರಿ

ಜೀವವಿರುವ ಯಾವುದನ್ನೇ ಮುಟ್ಟುವ ಮೊದಲು ಬೋರಮ್ಮ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಅಮೆರಿಕದ ವಾಲ್ನಟ್ ಕ್ರೀಕ್ ಊರಿನ ಗಿಡಗಳ ನರ್ಸರಿಯಲ್ಲಿ ಅವರಿಗೆ ಕೆಲಸ. ಸಸಿಗಳ ತಟ್ಟೆ ಎತ್ತುವ ಮುಂಚೆ ಅವರು ನಲ್ಲಿಯ ಹತ್ತಿರ ನಿಂತು ಸೋಪು ಹಾಕಿ ಉಜ್ಜುವುದನ್ನು ನೋಡಿ ಜೊತೆಯವರು ನಗುತ್ತಿದ್ದರು. ಮಣ್ಣಿನ ಕೆಲಸ ಮುಗಿದ ಮೇಲೆ ಕೈ ತೊಳೆಯುವುದು ಎಲ್ಲರಿಗೂ ಗೊತ್ತು. ಮೊದಲೇ ಯಾಕೆ ಎಂದು ಕೇಳಿದರೆ ಬೋರಮ್ಮ ಸುಮ್ಮನೆ ನಕ್ಕುಬಿಡುತ್ತಿದ್ದರು. ಅದು ಹದಿನಾಲ್ಕು ವರ್ಷ ಚಾಕಿ ಕೇಂದ್ರದಲ್ಲಿ ಮೈಗೂಡಿದ ಅಭ್ಯಾಸ. ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆತನ. ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳುಗಳನ್ನು ಮೊದಲ ಎರಡು ಹಂತ ದಾಟುವವರೆಗೆ ಸರ್ಕಾರದ ಕೇಂದ್ರದಲ್ಲಿ ಸಾಕಿ, ಆಮೇಲೆ ರೈತರಿಗೆ ಕೊಡುತ್ತಾರೆ. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಬೋರಮ್ಮ ತಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲನೆಯವರು, ಬಿ.ಎಸ್ಸಿ. ಮಾಡಿದ ಮೊದಲನೆಯವರೂ ಅವರೇ. ಕೇಂದ್ರದಲ್ಲಿ ಕೆಲಸ ಸಿಕ್ಕ ಮೇಲೆ ಅವರು ಎರಡು ಕಟ್ಟುನಿಟ್ಟುಗಳಿಗೆ ಹೆಸರಾದರು.

ಒಂದು, ಹುಳು ಒಯ್ಯಲು ಬಂದ ರೈತನನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುವುದು. ಹುಳುಮನೆ ತೊಳೆದದ್ದು ಯಾವತ್ತು? ಮಧ್ಯಾಹ್ನ ಒಳಗೆ ಎಷ್ಟು ಶಾಖ ಇರುತ್ತದೆ? ಹಿಪ್ಪುನೇರಳೆ ಸೊಪ್ಪು ಎಷ್ಟು ದಿನಕ್ಕೆ ಸಾಲುತ್ತದೆ? ಉತ್ತರ ಸರಿಬರದಿದ್ದರೆ ಅವತ್ತು ಹುಳು ಇಲ್ಲ. ಬೋರಮ್ಮನ ಹತ್ತಿರ ಹುಳ ಈಸ್ಕೊಳ್ಳೋದಕ್ಕಿಂತ ಹೆಣ್ಣು ಕೇಳೋದು ಸಲೀಸು ಎಂದು ರೈತರು ಆಡಿಕೊಳ್ಳುತ್ತಿದ್ದರು.

ಇನ್ನೊಂದು, ಹುಳು ಪೊರೆ ಬಿಡುವ ಹೊತ್ತಿನದು. ಆಗ ಹುಳುಗಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ, ಒಂದು ದಿನದ ಮಟ್ಟಿಗೆ ಕಲ್ಲಿನಂತೆ ಕೂತುಬಿಡುತ್ತವೆ. ಹಸಿದಿವೆಯೋ ಏನೋ ಎಂದು ಸೊಪ್ಪು ಹಾಕಿದರೂ ಕೆಟ್ಟಿತು, ಕೈ ಹಾಕಿ ಅಲುಗಿಸಿದರೂ ಕೆಟ್ಟಿತು. ಬೋರಮ್ಮ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ರಿಜಿಸ್ಟರಿನಲ್ಲಿ ‘ಕೂತಿದೆ’ ಎಂದು ಬರೆದು, ಬಾಗಿಲು ಮುಚ್ಚಿಕೊಂಡು ಹೊರಗೆ ಸ್ಟೂಲು ಹಾಕಿಕೊಂಡು ತಾವೂ ಕೂರುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಮೇಲಧಿಕಾರಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಆ ಕತೆಯನ್ನು ಅವರ ಗಂಡ ಕುಬೇರಪ್ಪ ಅಮೆರಿಕಕ್ಕೆ ಬಂದ ಮೇಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಕುಬೇರಪ್ಪನಿಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ದಿನಾ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರುತ್ತಿದ್ದರು. ಗ್ರೀನ್ ಕಾರ್ಡು ಬಂದ ವರ್ಷವೇ ಬೋರಮ್ಮ ನರ್ಸರಿಗೆ ಸೇರಿದರು. ಮಗಳು ಗಾನವಿ ಸ್ಯಾನ್ ಡಿಯೇಗೋದ ಕಾಲೇಜಿಗೆ ಹೋದ ಮೇಲೆ ಅಪಾರ್ಟ್‌ಮೆಂಟಿನ ಒಂದು ಕೋಣೆ ಖಾಲಿ ಬಿತ್ತು. ವಾಲ್ನಟ್ ಕ್ರೀಕಿನ ಬೀದಿಗಳಲ್ಲಿ ಹಿಪ್ಪುನೇರಳೆಯನ್ನು ನೆರಳಿನ ಮರವಾಗಿ ಬೆಳೆಸಿದ್ದರು. ಹಣ್ಣು ಬಿಡದ ಜಾತಿ. ಎಲೆ ಮಾತ್ರ ಅಂಗೈಗಿಂತ ಅಗಲ. ಇಷ್ಟು ಸೊಪ್ಪು ಸುಮ್ಮನೆ ಉದುರಿಹೋಗುವುದನ್ನು ಬೋರಮ್ಮನಿಗೆ ಮೊದಮೊದಲು ನೋಡಲಾಗುತ್ತಿರಲಿಲ್ಲ. ಎರಡು ಸಾವಿರದ ಇಸವಿಯ ಅಕ್ಟೋಬರಿನಲ್ಲಿ ಯಾರೋ ಕಡಿದು ಹಾಕಿದ್ದ ರೆಂಬೆಗಳಿಂದ ಆರು ಕಡ್ಡಿ ಆರಿಸಿ, ನರ್ಸರಿಯ ಮಾಲೀಕಳನ್ನು ಕೇಳಿಕೊಂಡು, ಅಲ್ಲಿನ ಗಾಜಿನ ಮನೆಯಲ್ಲಿ ಒಂದು ಕುಂಡದಲ್ಲಿ ನೆಟ್ಟರು.

ಮುಂದಿನ ತಿಂಗಳು ಶೇಷಾದ್ರಿ ಬಂದ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಬೆಂಗಳೂರಿನ ಹುಡುಗ, ಇಪ್ಪತ್ತೇಳು ವರ್ಷ. ಅವನಿದ್ದ ಕಂಪನಿ ಇಂಟರ್‌ನೆಟ್ಟಿನಲ್ಲಿ ನಾಯಿ-ಬೆಕ್ಕುಗಳ ತಿಂಡಿ ಮಾರುತ್ತಿತ್ತು. ಹಿಂದಿನ ವಾರ ಅದು ಬಾಗಿಲು ಹಾಕಿತ್ತು. ಬೇರೊಂದು ಕಂಪನಿ ಅವನ ವೀಸಾ ಕಾಗದಪತ್ರ ಸರಿಮಾಡುವವರೆಗೆ ಅವನು ಊರಿಗೆ ಹೋಗಬೇಕು. ಸೋಫಾ, ಟೀವಿ, ಸೈಕಲ್ಲು ಎಲ್ಲ ಹಂಚಿಬಿಟ್ಟಿದ್ದ. ಉಳಿದದ್ದು ಕೈಯಲ್ಲಿದ್ದ ಶೂ ಡಬ್ಬ.

ಡಬ್ಬದ ಮುಚ್ಚಳ ತೆಗೆದರೆ ಒಳಗೆ ಇಡ್ಲಿಯಷ್ಟು ಅಗಲದ ಆಮೆಮರಿ. ಹಳದಿ ಬೆನ್ನು ಗುಮ್ಮಟದಂತೆ ಉಬ್ಬಿತ್ತು. ಚಿಪ್ಪಿನ ಒಂದೊಂದು ಬಿಲ್ಲೆಯ ಮೇಲೂ ಕಾಡಿಗೆಯ ಕಡ್ಡಿಯಿಂದ ಇಟ್ಟಂತೆ ಕಪ್ಪು ಚುಕ್ಕೆ, ಸುತ್ತ ಕಪ್ಪು ಅಂಚು.

“ಸ್ಟಾರ್ ಟಾರ್ಟಾಯ್ಸ್ ಅಕ್ಕ, ನಮ್ಮೂರ ನಕ್ಷತ್ರ ಆಮೆ. ಬಾಳೆಹಣ್ಣು, ಲೆಟ್ಯೂಸು, ಏನ್ ಹಾಕಿದ್ರೂ ತಿನ್ನತ್ತೆ. ವಿಂಟರಲ್ಲಿ ಮಲಗತ್ತಂತೆ. ನಮ್ಮ ಮ್ಯಾನೇಜರ್ ಮನೇದು ಗರಾಜಲ್ಲಿ ಮೂರು ತಿಂಗಳು ಮಲಗಿತ್ತು,” ಎಂದ. ಸ್ವಲ್ಪ ತಡೆದು, “ಎಲ್ಲಾ ಕೊಟ್ಬಿಟ್ಟೆ ಅಕ್ಕ. ಇದನ್ನ ಮಾತ್ರ ಕೊಡಕ್ಕಾಗ್ಲಿಲ್ಲ. ನಾನು ಬರೋವರೆಗೂ ನೋಡ್ಕೋತೀರಾ?” ಎಂದು ಕೇಳಿದ.

ಬೋರಮ್ಮ ಕೈ ತೊಳೆದು ಬಂದು ಮರಿಯನ್ನು ಎತ್ತಿಕೊಂಡರು. ನಾಲ್ಕು ಕಾಲೂ ಗಾಳಿಯಲ್ಲಿ ಈಜಿದವು. ಏಳು ವರ್ಷದಿಂದ ಈ ದೇಶದಲ್ಲಿ ಅವರ ಕೈಗೆ ಯಾರೂ ಒಂದು ಎಳೆಯ ಜೀವವನ್ನು ಒಪ್ಪಿಸಿರಲಿಲ್ಲ. “ಹೋಗ್ ಬಾ. ಇದ್ದಂಗೇ ವಾಪಸ್ ಕೊಡ್ತೀನಿ,” ಎಂದು ಮಾತು ಕೊಟ್ಟರು. ರೈತರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದಂಥ ಒಂದು ಪ್ರಶ್ನೆಯನ್ನೂ ಅವತ್ತು ಅವನಿಗೆ ಕೇಳಲಿಲ್ಲ.

ಅಡುಗೆಮನೆಯ ಕಿಟಕಿಯ ಕೆಳಗೆ ಅಗಲವಾದ ಪ್ಲಾಸ್ಟಿಕ್ ತೊಟ್ಟಿ ಇಟ್ಟು, ಮರಿಯನ್ನು ಬಿಟ್ಟರು. ಒಂದು ನೋಟ್‌ಬುಕ್ ತಂದು ಗೆರೆ ಎಳೆದು ರಿಜಿಸ್ಟರ್ ಮಾಡಿಕೊಂಡರು: ದಿನಾಂಕ, ತಿಂದದ್ದು, ತೂಕ, ಷರಾ. ಅಡುಗೆಮನೆಯ ತಕ್ಕಡಿಯಲ್ಲಿ ಮೊದಲ ದಿನ ತೊಂಬತ್ತೆರಡು ಗ್ರಾಂ ತೂಗಿತು. ಬಾಳೆಹಣ್ಣಿನ ಚೂರು, ಕೊತ್ತಂಬರಿ, ಲೆಟ್ಯೂಸು ಹಾಕಿದರು. ಕುಬೇರಪ್ಪ ಸಂಜೆ ಬಂದು ತೊಟ್ಟಿಯೊಳಗೆ ಇಣುಕಿ, ನಮ್ಮ ಆಫೀಸಲ್ಲೂ ಒಬ್ಬ ಹೀಗೇ ಇದ್ದಾನೆ, ಮೀಟಿಂಗು ಅಂದ್ರೆ ತಲೆ ಒಳಗೆ ಎಳ್ಕೋತಾನೆ ಎಂದರು.

ಡಿಸೆಂಬರ್ ಎರಡನೇ ವಾರ ಚಳಿ ಬಿಗಿಯಿತು. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮದ ಪದರ ಕಟ್ಟುತ್ತಿತ್ತು. ಮರಿ ಮೊದಲು ಬಾಳೆಹಣ್ಣು ಬಿಟ್ಟಿತು, ಆಮೇಲೆ ಸೊಪ್ಪನ್ನೂ ಬಿಟ್ಟಿತು. ಒಂದು ದಿನ ಮೂಲೆ ಸೇರಿ, ತಲೆ ಒಳಗೆಳೆದು, ಕಣ್ಣು ಮುಚ್ಚಿ ಕೂತಿತು. ಬೋರಮ್ಮ ಬಗ್ಗಿ ನೋಡಿದರು. ಮೇಯುವುದು ನಿಂತಿದೆ, ಅಲುಗಾಡುವುದು ನಿಂತಿದೆ. ಇದು ಅವರು ಸಾವಿರ ಸಲ ನೋಡಿದ ದೃಶ್ಯ. ರಿಜಿಸ್ಟರಿನಲ್ಲಿ ‘ಕೂತಿದೆ’ ಎಂದು ಬರೆದು, ತೊಟ್ಟಿಯ ಮೇಲೆ ಪೇಪರು ಮುಚ್ಚಿದರು. ತೂಕ ಮಾಡಲು ಎತ್ತುವುದನ್ನೂ ನಿಲ್ಲಿಸಿದರು.

ಮೂರನೇ ದಿನ ಕುಬೇರಪ್ಪ ಅನುಮಾನಪಟ್ಟರು. ಹುಳ ಒಂದು ದಿನ ಕೂರುತ್ತಿತ್ತು, ಇದೇನು ಮೂರು ದಿನ?

“ಹುಳದ ಆಯಸ್ಸು ಇಪ್ಪತ್ತೈದು ದಿನ ಕಣ್ರೀ, ಅದಕ್ಕೇ ಒಂದು ದಿನ ಕೂರ್ತದೆ. ಇದರ ಆಯಸ್ಸು ಅರವತ್ತು ವರ್ಷ. ಲೆಕ್ಕ ಹಾಕಿ,” ಎಂದರು ಬೋರಮ್ಮ.

“ಹಂಗಾದ್ರೆ ಎರಡೂವರೆ ವರ್ಷ ಪೇಪರ್ ಎತ್ತಂಗಿಲ್ಲ ಅನ್ನು.”

“ನಗಾಡಬ್ಯಾಡಿ. ಮುಟ್ಟಬ್ಯಾಡಿ.”

ಶೇಷಾದ್ರಿ ಹೇಳಿದ್ದ ಚಳಿಗಾಲದ ನಿದ್ದೆಯ ಮಾತೂ ಅವರ ಲೆಕ್ಕಕ್ಕೆ ಸರಿಯಾಗಿ ಕೂಡಿಕೊಂಡಿತು. ಹನ್ನೊಂದು ದಿನ, ಹನ್ನೊಂದು ಸಾಲು, ಅದೇ ದುಂಡು ಅಕ್ಷರದಲ್ಲಿ: ಕೂತಿದೆ, ಕೂತಿದೆ, ಕೂತಿದೆ.

ಹನ್ನೆರಡನೇ ದಿನ ಭಾನುವಾರ. ಬೆಳಿಗ್ಗೆ ಕಾಫಿಗೆ ನೀರಿಡುವಾಗ ಪೇಪರಿನ ಅಡಿಯಿಂದ ಸಣ್ಣ ಸದ್ದು ಕೇಳಿತು, ಒದ್ದೆ ಕಡ್ಡಿಯನ್ನು ಒಲೆಗೆ ಹಾಕಿದಾಗ ಬರುವಂಥ ಸಿಳ್ಳು. ಬೋರಮ್ಮ ಪೇಪರು ಸರಿಸಿದರು. ಮರಿಯ ಮೂಗಿನ ತುದಿಯಲ್ಲಿ ನೀರಿನ ಗುಳ್ಳೆ ಉಬ್ಬಿ, ಒಡೆದು, ಮತ್ತೆ ಉಬ್ಬುತ್ತಿತ್ತು. ಮುಚ್ಚಿದ ರೆಪ್ಪೆ ಒಳಕ್ಕೆ ಗುಳಿ ಬಿದ್ದಿತ್ತು. ಪೊರೆ ಬಿಟ್ಟ ಹುಳುವಿನ ಮೈ ಸಡಿಲವಾಗಿ, ತಲೆ ದೊಡ್ಡದಾಗಿ, ಹೊಸದಾಗಿ ಕಾಣುತ್ತದೆ. ಇಲ್ಲಿ ಹೊಸದೇನೂ ಇರಲಿಲ್ಲ. ತಕ್ಕಡಿಯ ಮೇಲಿಟ್ಟರೆ ಎಪ್ಪತ್ತೊಂಬತ್ತು ಗ್ರಾಂ.

ಕಾಲೇನಾದರೂ ಊದಿದೆಯೇ ಎಂದು ನೋಡಲು ಮರಿಯನ್ನು ಮೆಲ್ಲಗೆ ಮಗುಚಿದಾಗ ಬೋರಮ್ಮನ ಕೈ ಹಾಗೇ ನಿಂತಿತು. ಚಿಕ್ಕಂದಿನಲ್ಲಿ ಅವರ ಸೋದರಮಾವ ಕುರಿ ಮೇಯಿಸುವ ಗುಡ್ಡದಿಂದ ಒಮ್ಮೆ ನಕ್ಷತ್ರ ಆಮೆ ಹಿಡಿದು ತಂದಿದ್ದ. ಅದರ ಹೊಟ್ಟೆಯ ಮೇಲೂ ಕಪ್ಪು ಗೆರೆಗಳು ಬೀಸಣಿಗೆಯಂತೆ ಹರಡಿದ್ದನ್ನು ಅವರು ಬೆರಳಿಟ್ಟು ಎಣಿಸಿದ್ದರು. ಇದರ ಹೊಟ್ಟೆಯಲ್ಲಿ ಒಂದೂ ಗೆರೆ ಇರಲಿಲ್ಲ. ಮಾಸಲು ಹಳದಿ, ಅಲ್ಲಲ್ಲಿ ಎಳ್ಳು ಚೆಲ್ಲಿದಂತೆ ಕಪ್ಪು. ಒಂದು ತಿಂಗಳಿಂದ ಸಾಕುತ್ತಿದ್ದ ಜೀವ ಯಾವುದೆಂದೇ ತಮಗೆ ಗೊತ್ತಿಲ್ಲ ಎಂಬುದು ಆಗ ಅವರಿಗೆ ತಿಳಿಯಿತು.

“ಕಾರ್ ತೆಗೀರಿ,” ಎಂದರು ಗಂಡನಿಗೆ.

ಮರಿಯನ್ನು ಉಣ್ಣೆಯ ಟೋಪಿಯಲ್ಲಿ ಸುತ್ತಿ, ಸೀರೆಯ ಮೇಲೆ ಹಾಕಿದ ಸ್ವೆಟರಿನೊಳಗೆ ಇಟ್ಟುಕೊಂಡರು. ಭಾನುವಾರವೂ ತೆರೆದಿರುವ, ಹಲ್ಲಿ-ಹಾವುಗಳನ್ನೂ ನೋಡುವ ಪ್ರಾಣಿವೈದ್ಯೆಯೊಬ್ಬರು ಹತ್ತು ಮೈಲಿ ದೂರದಲ್ಲಿ ಸಿಕ್ಕಿದರು. ಬಿಳಿ ಕೂದಲಿನ, ಮಾತು ಕಡಿಮೆಯ ಹೆಂಗಸು. ಬೋರಮ್ಮ ಮೊದಲು ಹೇಳಿದ್ದು ರೋಗವನ್ನಲ್ಲ; ಇದು ಸ್ಟಾರ್ ಅಂತ ಕೊಟ್ಟರು, ಹೊಟ್ಟೆ ನೋಡಿದರೆ ಅಲ್ಲ, ಇದು ಯಾವುದು ಎಂದು ಕೇಳಿದರು. ವೈದ್ಯೆ ಮರಿಯನ್ನು ಮಗುಚಿ ನೋಡಿ, ಕಪಾಟಿನಿಂದ ಪುಸ್ತಕ ತೆಗೆದು ಪುಟ ತೆರೆದು ಮುಂದಿಟ್ಟರು. ಲೆಪರ್ಡ್ ಟಾರ್ಟಾಯ್ಸ್, ಚಿರತೆ ಆಮೆ. ಆಫ್ರಿಕಾದ ಒಣ ಹುಲ್ಲುಗಾವಲಿನದು. ಹೊಟ್ಟೆಯ ಚಿತ್ರ ಚುಕ್ಕೆ ಚುಕ್ಕೆಗೂ ಹೋಲುತ್ತಿತ್ತು.

ಅಲ್ಲಿಂದ ಮುಂದೆ ಒಂದೊಂದೇ ಗಂಟು ಬಿಚ್ಚಿತು. ಮ್ಯಾನೇಜರ್ ಮನೆಯ ಆಮೆ ಇಲ್ಲಿನ ಮರುಭೂಮಿಯದು, ಅದು ಚಳಿಗಾಲದಲ್ಲಿ ಮಲಗುತ್ತದೆ. ಇದು ಮಲಗುವ ಜಾತಿಯಲ್ಲ. ಚಳಿ ತಾಗಿದರೆ ಮೇಯುವುದನ್ನು ಬಿಟ್ಟು ಮುದುಡುತ್ತದೆ, ಎದೆಗೆ ನಂಜು ಏರುತ್ತದೆ. ಬಾಳೆಹಣ್ಣು ಹೊಟ್ಟೆ ಕೆಡಿಸುತ್ತದೆ. ನಾರಿರುವ ಹುಲ್ಲು, ಸೊಪ್ಪು, ಮುಳ್ಳು ತೆಗೆದ ಪಾಪಸ್‌ಕಳ್ಳಿ ಬೇಕು. ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು, ಬಿಸಿಲು ಬೇಕು. ಬಿಸಿಲಿಲ್ಲದಲ್ಲಿ ಬಿಸಿಲಿನ ಗುಣವಿರುವ ವಿಶೇಷ ದೀಪ ಬೇಕು. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲು ಸಾಲದು. ದೊಡ್ಡದಾದರೆ ಇದು ಐದು ವರ್ಷದ ಮಗುವಿನಷ್ಟು ತೂಗಬಹುದು.

ವೈದ್ಯೆ ಮುಂಗಾಲಿಗೆ ಇಂಜೆಕ್ಷನ್ ಕೊಟ್ಟು, ಉಳಿದವನ್ನು ಮೂರು ದಿನಕ್ಕೊಮ್ಮೆ ಮನೆಯಲ್ಲೇ ಚುಚ್ಚಲು ಬೋರಮ್ಮನಿಗೆ ಕಲಿಸಿದರು. ತಾನಾಗಿ ಮೇಯಲು ಶುರು ಮಾಡಿದರೆ ಉಳಿದೀತು, ಇಲ್ಲದಿದ್ದರೆ ತನ್ನ ಕೈಯಲ್ಲೂ ಏನಿಲ್ಲ ಎಂದರು.

ಕಾರಿನಲ್ಲಿ ಬೋರಮ್ಮ ವೈದ್ಯೆ ಹೇಳಿದ್ದನ್ನೆಲ್ಲ ಚೀಟಿಯ ಮೇಲೆ ಬರೆದುಕೊಂಡರು. ಕುಬೇರಪ್ಪ ಎರಡೂವರೆ ವರ್ಷದ ಹಾಸ್ಯವನ್ನು ಮತ್ತೆ ಎತ್ತಲಿಲ್ಲ.

ಗಾನವಿಯ ಕೋಣೆ ಮರುದಿನದಿಂದಲೇ ಚಾಕಿ ಮನೆಯಾಯಿತು. ನೆಲ ಒರೆಸಿ, ಬಾಗಿಲ ಸಂದಿಗೆ ಟವೆಲ್ ತುರುಕಿದರು. ತೊಟ್ಟಿಯ ಒಂದು ತುದಿಗೆ ಬಿಸಿ ಬಲ್ಬು, ಮೇಲೆ ಉದ್ದಕ್ಕೆ ಬಿಸಿಲಿನ ದೀಪ, ಇನ್ನೊಂದು ತುದಿಗೆ ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿ ಅಡಗಲು ಗೂಡು. ಬಲ್ಬಿನ ಕೆಳಗೆ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ಗೂಡಿನಲ್ಲಿ ಎಂಬತ್ತು. ರಾತ್ರಿ ಎಪ್ಪತ್ತಕ್ಕಿಂತ ಕೆಳಗೆ ಬಿಡಲಿಲ್ಲ. ಎಂಬತ್ತು ಎಂದರೆ ಸೆಂಟಿಗ್ರೇಡಿನಲ್ಲಿ ಸುಮಾರು ಇಪ್ಪತ್ತೇಳು. ಮಳವಳ್ಳಿಯಲ್ಲಿ ಎಳೆ ಹುಳುಗಳಿಗೆ ಇಡುತ್ತಿದ್ದ ಶಾಖವೂ ಅದೇ ಎಂದು ಕಂಡಾಗ ಬೋರಮ್ಮನಿಗೆ ಉಸಿರು ಸ್ವಲ್ಪ ಹಗುರಾಯಿತು. ಅಲ್ಲಿ ತಟ್ಟೆಯ ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟು ತೇವ ಕಾಯುತ್ತಿದ್ದಂತೆ ಇಲ್ಲೂ ಗೂಡಿನ ಮೂಲೆಗೆ ಒದ್ದೆ ಸ್ಪಂಜು ಇಟ್ಟರು. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ, ಗದ್ದ ಮುಳುಗದಷ್ಟು ಆಳಕ್ಕೆ, ಕಾಲು ಗಂಟೆ ಮರಿಯನ್ನು ಬಿಡುತ್ತಿದ್ದರು. ಮರಿ ನೀರು ಕುಡಿಯಿತು. ಗುಳ್ಳೆ ನಿಂತಿತು, ಸಿಳ್ಳೂ ನಿಂತಿತು. ಕಣ್ಣು ತೆರೆಯಿತು. ಮೇಯಲಿಲ್ಲ.

ಕಾಡುಹುಲ್ಲು ಹಾಕಿದರು, ದಾಸವಾಳದ ಎಲೆ ಹಾಕಿದರು, ಪಾಪಸ್‌ಕಳ್ಳಿಯನ್ನು ಕೊಚ್ಚಿ ಹಾಕಿದರು. ಮರಿ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ವೈದ್ಯೆ ಎರಡು ಸಲ ಕೊಳವೆಯಲ್ಲಿ ಗಂಜಿ ಇಳಿಸಿದರು. ತೂಕ ಎಪ್ಪತ್ತೆಂಟಕ್ಕೆ ಬಂದು ಅಲ್ಲೇ ನಿಂತಿತು.

ಹೊಸ ವರ್ಷದ ದಿನ ಬೆಂಗಳೂರಿನಿಂದ ಶೇಷಾದ್ರಿಯ ಫೋನು. ಹೊಸ ಕೆಲಸ ಖಚಿತವಾಗಿದೆ, ಏಪ್ರಿಲ್‌ಗೆ ಬರುತ್ತೇನೆ ಎಂದು ಸಂತೋಷದಲ್ಲಿದ್ದ. “ಹೇಗಿದೆ ಅಕ್ಕ ನಮ್ಮ ಸ್ಟಾರು? ಮಲಗಿದ್ಯಾ?”

ಹೌದು, ಮಲಗಿದೆ ಎಂದರೆ ಅವನಿಗೆ ನೆಮ್ಮದಿ, ಇವರಿಗೂ ಮೂರು ತಿಂಗಳ ಬಿಡುವು. ಕುಬೇರಪ್ಪ ಸೋಫಾದ ಮೇಲಿಂದ ಹಾಗೇ ಹೇಳಿಬಿಡು ಎಂಬಂತೆ ಸನ್ನೆ ಮಾಡಿದರು. ಬೋರಮ್ಮ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

“ಅದು ಸ್ಟಾರ್ ಅಲ್ಲ ಕಣಪ್ಪ, ಲೆಪರ್ಡ್ ಅಂತೆ. ಮಲಗೋದೂ ಅಲ್ಲ. ಚಳಿ ತಿಂದು ಸಾಯಕ್ಕೆ ಕೂತಿತ್ತು. ನಾನು ಹುಳ ಪೊರೆ ಬಿಡಕ್ಕೆ ಕೂತಂಗೆ ಅನ್ಕೊಂಡು ಹನ್ನೊಂದು ದಿನ ಮುಟ್ಟದಂಗೆ ಬಿಟ್ಟಿದ್ದೆ. ತಪ್ಪು ನಂದು. ಈಗ ಔಷಧಿ ನಡೀತದೆ, ಕಣ್ಣು ಬಿಟ್ಟದೆ, ಇನ್ನೂ ಮೇದಿಲ್ಲ.”

ಆ ಕಡೆಯಿಂದ ಬೆಂಗಳೂರಿನ ಆಟೋ ಹಾರನ್ನು ಕೇಳಿಸಿತು. “ಸ್ಟಾರ್ ಅಂತ ಹೇಳಿದ್ದು ನಾನಲ್ವಾ ಅಕ್ಕ,” ಎಂದ ಶೇಷಾದ್ರಿ.

“ನೀನು ಹೇಳಿದೆ. ಮಗುಚಿ ಹೊಟ್ಟೆ ನೋಡಬೇಕಾಗಿದ್ದು ನಾನು.”

ಫೋನಿಟ್ಟ ಮೇಲೆ ಅವರು ರಿಜಿಸ್ಟರ್ ತೆಗೆದರು. ಚಾಕಿ ಕೇಂದ್ರದಲ್ಲಿ ಬರೆದದ್ದನ್ನು ಅಳಿಸುವಂತಿರಲಿಲ್ಲ. ತಪ್ಪಾದ ಸಾಲಿನ ಪಕ್ಕ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕಿತ್ತು. ಬೋರಮ್ಮ ಹನ್ನೊಂದು ಸಾಲುಗಳ ಪಕ್ಕದಲ್ಲೂ ‘ಕೂತದ್ದಲ್ಲ, ಚಳಿ’ ಎಂದು ಬರೆದು, ಒಂದೊಂದಕ್ಕೂ ಬೇರೆಬೇರೆಯಾಗಿ ಸಹಿ ಹಾಕಿದರು.

ಜನವರಿ ಮೂರನೇ ವಾರ, ನರ್ಸರಿಯ ಗಾಜಿನ ಮನೆಯ ಕಡೆಯ ಸಾಲಿಗೆ ನೀರು ಹಾಯಿಸುವಾಗ ಅಕ್ಟೋಬರಿನಲ್ಲಿ ನೆಟ್ಟ ಕುಂಡ ಕಣ್ಣಿಗೆ ಬಿತ್ತು. ಹೊರಗಿನ ಬೀದಿಯ ಹಿಪ್ಪುನೇರಳೆಗಳೆಲ್ಲ ಬೋಳಾಗಿ ನಿಂತಿದ್ದವು. ಕುಂಡದಲ್ಲಿ ಆರರಲ್ಲಿ ನಾಲ್ಕು ಕಡ್ಡಿ ಒಣಗಿದ್ದವು. ಉಳಿದ ಎರಡು ಒಳಗಿನ ಬಿಸುಪಿಗೆ ವಸಂತ ಬಂತೆಂದು ತಿಳಿದು ಚಿಗುರಿದ್ದವು. ಮಿರುಗುವ ಹಸಿರು, ಕಿರುಬೆರಳಿನುದ್ದದ ಐದು ಎಲೆ. ಆ ಸಾಲಿಗೆ ಕೀಟನಾಶಕ ಹೊಡೆದಿಲ್ಲವಷ್ಟೇ ಎಂದು ಮಾಲೀಕಳನ್ನು ಎರಡು ಸಲ ಕೇಳಿ, ಬೋರಮ್ಮ ಮೂರು ಎಲೆ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು.

ಮನೆಗೆ ಬಂದು ಕೈ ತೊಳೆದು, ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಹರಿತವಾದ ಚಾಕುವಿನಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಅಕ್ಕಿಕಾಳಿನಷ್ಟು ಸಣ್ಣ ಚೌಕಗಳಾಗಿ ಕತ್ತರಿಸಿದರು. ಮೊಟ್ಟೆಯೊಡೆದ ಹುಳುಗಳಿಗೆ ಹಾಕುವ ಮೊದಲ ಸೊಪ್ಪು ಹೀಗಿರಬೇಕು. ಏಳು ವರ್ಷ ಬಿಟ್ಟ ಕೆಲಸವಾದರೂ ಚಾಕು ತಾನೇ ನಡೆಯಿತು. ಕತ್ತರಿಸಿದ ಅಂಚಿನಿಂದ ಹಾಲು ಒಸರಿ, ಕೋಣೆಯೊಳಗೆ ಹಳೆಯ ಹಸಿರು ವಾಸನೆ ಎದ್ದಿತು. ಬಲ್ಬಿನ ಬಿಸಿಯಲ್ಲಿ ಕೂತಿದ್ದ ಮರಿಯ ಮುಂದೆ ಚಪ್ಪಟೆ ಕಲ್ಲಿನ ಮೇಲೆ ಅದನ್ನು ತೆಳ್ಳಗೆ ಉದುರಿಸಿದರು.

ಮರಿ ಕತ್ತು ಉದ್ದ ಮಾಡಿತು. ಮೂಸಿತು. ಒಂದು ಕಾಲು ಮುಂದಿಟ್ಟಿತು. ಬಾಯಿ ತೆರೆದು ಕಚ್ಚಿದ್ದು ಮೊದಲ ಸಲ ತಪ್ಪಿ ಕಲ್ಲಿಗೆ ತಗುಲಿತು. ಎರಡನೇ ಸಲ ಒಂದು ಚೌಕ ನಾಲಿಗೆಗೆ ಅಂಟಿಕೊಂಡು ಒಳಗೆ ಹೋಯಿತು.

ಆಫೀಸಿನಿಂದ ಬಂದ ಕುಬೇರಪ್ಪ ಶೂ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರಲೇ ಎಂದು ಮೆಲ್ಲಗೆ ಕೇಳಿದರು. ಕೈ ತೊಳೆದು ಬನ್ನಿ ಎಂದರು ಬೋರಮ್ಮ, ತಿರುಗಿ ನೋಡದೆ.

ಮರುದಿನದಿಂದ ಕೊಚ್ಚಿದ ಎಲೆಗೆ ಹುಲ್ಲು ಬೆರೆಸಿದರು, ದಾಸವಾಳ ಬೆರೆಸಿದರು. ಎಲೆ ಮುಗಿಯುವ ಹೊತ್ತಿಗೆ ಮರಿ ಹುಲ್ಲಿಗೇ ಒಗ್ಗಿತ್ತು. ಫೆಬ್ರವರಿ ಮೊದಲಿಗೆ ಎಂಬತ್ತಾರು, ಮಾರ್ಚಿಗೆ ನೂರಾ ನಾಲ್ಕು. ಬೀದಿಯ ಮರಗಳು ಚಿಗುರಿದ ಮೇಲೆ ಸೊಪ್ಪಿಗೆ ಬರವೇ ಇರಲಿಲ್ಲ.

ಏಪ್ರಿಲ್ ಎರಡನೇ ಶನಿವಾರ ಶೇಷಾದ್ರಿ ಮೈಸೂರು ಪಾಕಿನ ಡಬ್ಬ ಹಿಡಿದು ಬಂದ. ಸ್ವಲ್ಪ ಸಣ್ಣಗಾಗಿದ್ದ. ಅದೇ ಊರಿನಲ್ಲಿ, ಮೂರು ಬೀದಿಯಾಚೆ ಹೊಸ ಅಪಾರ್ಟ್‌ಮೆಂಟು ಹಿಡಿದಿದ್ದ. ಮರಿಯನ್ನು ಕಂಡವನೇ ಬಗ್ಗಿ ಎತ್ತಿಕೊಳ್ಳಲು ಹೋದ. ಬೋರಮ್ಮ ಅಡ್ಡ ನಿಂತು ಸಿಂಕಿನ ಕಡೆ ಕೈ ತೋರಿಸಿದರು. ಅವನು ಸೋಪು ಹಾಕಿ ಕೈ ತೊಳೆದು ಬಂದ.

“ಮಗುಚಿ ನೋಡು. ಯಾವುದು ಹೇಳು.”

“ಲೆಪರ್ಡು ಅಕ್ಕ.”

“ಹೆಂಗೆ ಗೊತ್ತು?”

“ಹೊಟ್ಟೆ ಮೇಲೆ ಗೆರೆ ಇಲ್ಲ. ಚುಕ್ಕೆ ಮಾತ್ರ.”

“ಬಾಳೆಹಣ್ಣು?”

“ಇಲ್ಲ.”

“ಮಧ್ಯಾಹ್ನ ನೀನು ಆಫೀಸಲ್ಲಿದ್ದಾಗ ನಿನ್ನ ಮನೇಲಿ ಎಷ್ಟು ಶಾಖ ಇರ್ತದೆ?”

ಶೇಷಾದ್ರಿ ಕುಬೇರಪ್ಪನ ಮುಖ ನೋಡಿದ. ಕುಬೇರಪ್ಪ ಮೈಸೂರು ಪಾಕು ಮುರಿಯುವುದರಲ್ಲಿ ಮಗ್ನರಾಗಿದ್ದರು. “ಹೀಟರು ಆಫ್ ಮಾಡಿ ಹೋಗ್ತೀನಿ ಅಕ್ಕ. ಗೊತ್ತಿಲ್ಲ,” ಎಂದ ಮೆಲ್ಲಗೆ.

ಬೋರಮ್ಮ ಮರಿಯನ್ನು ಅವನ ಕೈಯಿಂದ ತೆಗೆದು ತಿರುಗಿ ಬಲ್ಬಿನ ಕೆಳಗೆ ಬಿಟ್ಟರು. ಗೋಡೆಗೆ ತೂಗುಹಾಕಿದ್ದ ಎರಡು ಥರ್ಮಾಮೀಟರುಗಳಲ್ಲಿ ಒಂದನ್ನು ಬಿಚ್ಚಿ ಅವನಿಗೆ ಕೊಟ್ಟರು. ರಿಜಿಸ್ಟರಿನ ಹಿಂದಿನ ಖಾಲಿ ಹಾಳೆ ಹರಿದು, ಗೆರೆ ಎಳೆದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ದಿನಕ್ಕೆ ಮೂರು ಮನೆ ಮಾಡಿದರು.

“ಇಂಥದೇ ದೀಪ ಹಾಕಿ ಮೂರು ದಿನ ಬರ್ಕೊಂಡು ಬಾ. ಇವತ್ತಿಲ್ಲ.”

“ಮಧ್ಯಾಹ್ನ ಆಫೀಸಿಂದ ಬರ್ಬೇಕಾ ಅಕ್ಕ?”

“ನೀನೇ ಬರಬೇಕಪ್ಪ. ಹಾಳೆ ತನ್ನಷ್ಟಕ್ಕೆ ಬರ್ಕೊಳ್ಳಲ್ಲ.”

ಅಧಿಕಾರಿಯನ್ನೇ ಒಳಗೆ ಬಿಡದವಳು, ನಿನ್ನನ್ನು ಬಿಡುತ್ತಾಳೆಯೇ ಎಂದು ಕುಬೇರಪ್ಪ ಹಳೆಯ ಕತೆ ಶುರುಮಾಡಿದರು. ಶೇಷಾದ್ರಿ ನಕ್ಕು, ಹಾಳೆಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡ.

ಬುಧವಾರ ಸಂಜೆ ಅವನು ಬಂದಾಗ ಹಾಳೆಯ ಒಂಬತ್ತು ಮನೆಗಳೂ ತುಂಬಿದ್ದವು. ಮೊದಲ ರಾತ್ರಿಯದು ಅರವತ್ತೆರಡು; ಅದನ್ನು ಅವನು ಅಳಿಸದೆ, ಪಕ್ಕದಲ್ಲಿ ಹೀಟರು ಹಾಕಿದ ಮೇಲೆ ಎಪ್ಪತ್ತಮೂರು ಎಂದು ಬರೆದು, ತಾನಾಗಿಯೇ ಸಹಿ ಹಾಕಿದ್ದ. ಬೋರಮ್ಮ ಅದನ್ನು ಓದಿ, ರಿಜಿಸ್ಟರಿನೊಳಗೆ ಸೇರಿಸಿ, ಮರಿಯನ್ನು ಕೊನೆಯ ಸಲ ತಕ್ಕಡಿಯ ಮೇಲಿಟ್ಟರು. ನೂರಾ ಇಪ್ಪತ್ತೊಂದು ಗ್ರಾಂ. ಅದನ್ನು ಬರೆದು, ರಿಜಿಸ್ಟರನ್ನೂ ಮರಿಯನ್ನೂ ಒಟ್ಟಿಗೆ ಅವನ ಕೈಗಿತ್ತರು.